ಈಜು ಬಾರದವನು

ಉಪ್ಪಳ ಪೇಟೆ, ಮೀನು ಮಾರ್ಕೆಟಿನ ಹಿಂದೆ
ಅಂದುಂಞಿಚ್ಚನ ಕೆಫೆ. ಗಂಟೆಗೆ ಹದಿನೈದು ರೂಪಾಯಿ.
ಐದು ಕಂಪ್ಯೂಟರು, ನಡೆಯುವಂಥದ್ದು ಮೂರು,
ಆ ಆಟ ಇದ್ದದ್ದು ಒಂದರಲ್ಲೇ.
ಸಫ್ವಾನ್ ಕೀಬೋರ್ಡಿಗೆ, ಡೊಲ್ಫಿ ಮೌಸಿಗೆ,
ನಾನು ಗಡಿಯಾರ ನೋಡುವವ.

ನಾವು ಕನ್ನಡ ಮೀಡಿಯಂ.
ಬಸ್ಸಿನ ಹಣೆಯ ಮಲಯಾಳ ಓದುವಷ್ಟರಲ್ಲಿ
ಬಸ್ಸೇ ಹೋಗಿರುತ್ತಿತ್ತು.
ಇಂಗ್ಲಿಷಂತೂ ಕೇಳಬೇಡಿ. ಆದರೂ
ಟ್ಯಾಂಕು ಬೀಳಿಸುವ ಆರಕ್ಷರವನ್ನು
ಸಫ್ವಾನ್ ಕಣ್ಣು ಮುಚ್ಚಿ ಒತ್ತುತ್ತಿದ್ದ.
ಅರ್ಥ ಕೇಳಿದರೆ,
‘ಮಂತ್ರಕ್ಕೆ ಎಂಥ ಅರ್ಥ ಮಾರಾಯ.’

ಸತ್ಯ ಹೇಳುವುದಾದರೆ ಕಥೆ ನಮಗೆ ತಿಳಿಯಲೇ ಇಲ್ಲ.
ಯಾರೋ ಯಾರಿಗೋ ಮೋಸ ಮಾಡಿದ್ದ,
ಯಾರನ್ನೋ ಮುಗಿಸಬೇಕಿತ್ತು,
ಒಂದು ಗುಂಡಿ ಒತ್ತಿ ಮಾತನ್ನೆಲ್ಲ ಹಾರಿಸಿದೆವು.
ಕದ್ದದ್ದು ಹೌದು. ಸುಟ್ಟದ್ದು ಹೌದು.
ಪೊಲೀಸು ನಕ್ಷತ್ರ ಐದಾದಾಗ
ಪೇಂಟಿನ ಅಂಗಡಿಗೆ ನುಗ್ಗಿ, ಕೆಂಪು ಕಾರು ಹಸಿರು ಮಾಡಿ,
ಅದೇ ಪೊಲೀಸರ ಮೂಗಿನಡಿ
ಮೆಲ್ಲ ಹೊರಬಂದದ್ದೂ ಹೌದು.
ಡೊಲ್ಫಿಗೆ ಮಾತ್ರ ಸಣ್ಣ ಚಿಂತೆ:
‘ಪಾದ್ರಿಯ ಹತ್ತಿರ ಇದನ್ನೂ ಹೇಳಬೇಕಾ?’

ಆದರೆ ಹೆಚ್ಚಿನ ದಿನ ನಾವು ಮಾಡಿದ್ದು ಇಷ್ಟು:
ಒಂದು ಬೈಕು. ಕಡಲ ಬದಿಯ ರಸ್ತೆ.
ಎರಡೇ ನಿಮಿಷದ ಸಂಜೆ,
ಕೊಯ್ದಿಟ್ಟ ಪಪ್ಪಾಯಿಯ ಬಣ್ಣ.
ರೇಡಿಯೋದಲ್ಲಿ ಗುರುತಿಲ್ಲದ ಹೆಂಗಸಿನ ಹಾಡು.
ಎಲ್ಲಿಗೂ ಅಲ್ಲದೆ ಓಡಿಸುವುದು.
ಕೆಂಪು ದೀಪಕ್ಕೆ ನಿಂತೂ ನೋಡಿದ್ದೇವೆ
ಹಿಂದಿನವನು ಹಾರ್ನ್ ಹಾಕುತ್ತಾನೋ ಎಂದು.

ಮತ್ತೆ ಆ ತಮಾಷೆ:
ಇಡೀ ಪಟ್ಟಣ ನಡುಗಿಸಿದವನಿಗೆ
ಈಜು ಬಾರದು.
ಸೊಂಟದ ನೀರಿಗೆ ಇಳಿದರೆ ಮುಗಿಯಿತು,
ಕೂಗದೆ, ಕೈಯೆತ್ತದೆ ಹೋಗಿಬಿಡುತ್ತಾನೆ.
ಐದನೇ ಕ್ಲಾಸಿಗೇ ಹೊಳೆ ದಾಟಿದ ನಾವು
ಕುರ್ಚಿಯಿಂದ ಬಿದ್ದು ನಕ್ಕೆವು,
ಬೇಕೆಂದೇ ಇಳಿಸಿದೆವು, ಎಷ್ಟೋ ಸಲ.
ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಎದ್ದು ನಿಂತಿರುವನು,
ಅದೇ ಅಂಗಿ, ಇಸ್ತ್ರಿ ಸಮೇತ.
ಜೇಬಿನಿಂದ ನೂರು ಡಾಲರು ಹೋಗಿರುತ್ತಿತ್ತು,
ಅಷ್ಟೇ.

ಈಗ ನಾನು ಆಂಬುಲೆನ್ಸ್ ಓಡಿಸುತ್ತೇನೆ,
ಕುಂಬಳೆಯಿಂದ ಮಂಗಳೂರಿಗೆ.
‘ಅಷ್ಟೇ’ ಎಂಬ ಮಾತು
ಈ ಕೆಲಸದಲ್ಲಿ ಬಾಯಿಗೆ ಬರುವುದಿಲ್ಲ.

ಅಕ್ಕನ ಮಗ ಹೊಸ ಆಟ ತೋರಿಸಿದ.
ಕುದುರೆಯ ರೋಮ ಎಣಿಸಬಹುದು,
ಮನುಷ್ಯರು ಬೆವರುತ್ತಾರೆ, ಈಜುತ್ತಾರೆ,
ನೀರಿನಡಿಯಲ್ಲಿ ಮೀನೂ ಉಂಟು.
ಊರು ಎಷ್ಟು ದೊಡ್ಡದೆಂದರೆ
ಅವನಿಗೂ ಅದು ಬಾಯಿಪಾಠವಿಲ್ಲ.
‘ಇನ್ನೂ ಇದನ್ನೇ ಆಡುತ್ತೀಯಲ್ಲ ಮಾಮ, ಯಾಕೆ?’

ಯಾಕೆ ಎಂದರೆ—
ಆಟದ ಮೊದಲಿಗೆ ಸೇತುವೆ ಮುಚ್ಚಿತ್ತು.
ಚಂಡಮಾರುತ ಬರಲಿದೆಯಂತೆ.
ಎಂಥ ಚಂಡಮಾರುತ? ಆಕಾಶ ನೀಲಿ,
ತೆಂಗಿನ ಗರಿ ಅಲುಗುತ್ತಿರಲಿಲ್ಲ.
ಅವರಿವರ ನಾಲ್ಕು ಕೆಲಸ ಮಾಡಿಕೊಟ್ಟ ಮೇಲೆ
ಒಂದು ಶನಿವಾರ ಅಡ್ಡಗಟ್ಟೆ ಇರಲಿಲ್ಲ.
ಸಫ್ವಾನ್ ಬ್ರೇಕು ಹಿಡಿಯಲಿಲ್ಲ.
ಲೆಕ್ಕದ ಪುಸ್ತಕ ಬಿಟ್ಟು ಅಂದುಂಞಿಚ್ಚನೂ
ನಮ್ಮ ಬೆನ್ನ ಹಿಂದೆ ಬಂದು ನಿಂತ.
ಆ ದಿನದ ಅರ್ಧ ಗಂಟೆ
ಅವನ ಲೆಕ್ಕದಲ್ಲಿ ಇಲ್ಲ.

ತಲಪಾಡಿಯ ದಾರಿ ಮುಚ್ಚಿದ ಆ ವರ್ಷ
ನನ್ನ ಗಾಡಿಯಲ್ಲಿ ಮಲಗಿದ್ದವರು ಬೀಫಾತಿಮ್ಮ,
ವಾರಕ್ಕೆ ಎರಡು ಡಯಾಲಿಸಿಸ್.
ಆಕಾಶ ನೀಲಿ. ಗರಿ ಅಲುಗುತ್ತಿರಲಿಲ್ಲ.
‘ಸೈರನ್ ಯಾಕೆ ನಿಲ್ಲಿಸಿದಿ ಮಗಾ?’
ಯಾವ ಕೆಲಸ ಬಾಕಿ ಉಂಟು,
ಯಾರಿಗೆ ಮಾಡಿಕೊಡಬೇಕು,
ನೋಡೋಣವೆಂದರೆ ಮ್ಯಾಪಿನಲ್ಲಿ
ಒಂದು ಗುಲಾಬಿ ಚುಕ್ಕೆಯೂ ಇರಲಿಲ್ಲ.
ಗಾಡಿ ತಿರುಗಿಸಿದೆ.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ.
‘ಚಿಕ್ಕದು ಮಾರಾಯ, ಕಣ್ಣಿಗೆ ಹಿತ’ ಎಂದೆ.

ಅಜ್ಮಾನಿನಿಂದ ಸಫ್ವಾನ್ ಕೆಲವು ರಾತ್ರಿ
ಆ ಆರಕ್ಷರ ಕಳಿಸುತ್ತಾನೆ.
ಬೇರೆ ಕ್ಷೇಮಸಮಾಚಾರ ಇಲ್ಲ.
ನಾನೂ ಅದನ್ನೇ ಕಳಿಸುತ್ತೇನೆ.

ಡ್ಯೂಟಿ ಮುಗಿಸಿ, ಫೋನು ಅಡ್ಡ ಹಿಡಿದು,
ಬೈಕನ್ನು ಮರಳಿನವರೆಗೂ ತರುತ್ತೇನೆ.
ಎರಡು ನಿಮಿಷದ ಸಂಜೆ.
ಅವ ಇಳಿದು ನಿಲ್ಲುತ್ತಾನೆ,
ಬೆನ್ನು ನನ್ನ ಕಡೆಗೆ,
ಕಾಲಿನ ತುದಿಗೆ ನೀರು ಬಂದು ಹೋಗುತ್ತದೆ.
ಈಗ ಅವನನ್ನು
ಇಳಿಸುವುದಿಲ್ಲ.