ಸೀಟಿನ ಜೇಬು

"ಸೈಕಲ್ಲಿಗೇನಕ್ಕ ಖರ್ಚು, ಗಾಳಿ ಕುಡಿದು ಓಡ್ತೈತೆ"
ಅಂದ ಯೂನಿಟ್ಟಿನ ಏಕನಾಥರಾವ್,
ಗಂಟು ಸಾಗಿಸೋದಕ್ಕೆ ತಿಂಗಳಿಗೆ ನೂರು ರೂಪಾಯಿ
ಜಾಸ್ತಿ ಕೇಳಿದ್ದಕ್ಕೆ.

ನಾನೇನೂ ಅನ್ನಲಿಲ್ಲ.
ಮೂವತ್ತು ಪ್ಯಾಂಟು ಕ್ಯಾರಿಯರಿಗೇರಿಸಿ
ಹಳೇ ಟ್ಯೂಬಿನ ಪಟ್ಟಿ ಎಳೆದು ಬಿಗಿದು
ಕೌಲ್ ಬಜಾರಿನ ಸಂದಿಯೆಲ್ಲ ತಳ್ಳಿಕೊಂಡೇ ಬಂದೆ.
ರಾತ್ರಿ ಉಂಡಾದ ಮೇಲೆ
ಸೈಜು ಬರೆಯೋ ರಟ್ಟೊಂದರ ಬೆನ್ನಿಗೆ
ಪೆನ್ಸಿಲ್ಲಿನಲ್ಲಿ ಬರೆಯುತ್ತ ಕೂತೆ.

ದಾರ ಕತ್ತರಿಸಿದರೆ ಪ್ಯಾಂಟಿಗೆ ಎರಡು ರೂಪಾಯಿ.
ನನಗೆ ಎಲ್ಲ ಲೆಕ್ಕವೂ ಪ್ಯಾಂಟಿನಲ್ಲೇ ತಿಳಿಯೋದು.

ಪಂಕ್ಚರ್ ಒಂದಕ್ಕೆ ಹದಿನೈದು ಪ್ಯಾಂಟು.
ಹೋದ ತಿಂಗಳು ಮೂರು ಸಲ.
ದಸ್ತಗಿರಿ ಟ್ಯೂಬನ್ನ ನೀರಲ್ಲಿ ಮುಳುಗಿಸಿ
ಗುಳ್ಳೆ ಬಂದ ಕಡೆ ಉಗುರು ಒತ್ತಿ
"ನಮ್ಮೂರಿನದೇ" ಅಂತ ಮುಳ್ಳು ಕೈಗೆ ಕೊಟ್ಟ.
ಬಳ್ಳಾರಿ ಜಾಲಿ.
ನಾಡೆಲ್ಲ ಊರಿನ ಹೆಸರು ಹೇಳಿಕೊಂಡು ತಿರುಗೋ ಗಿಡ,
ಊರಿನವಳು ಅಂತ ನನಗೇನು ರಿಯಾಯಿತಿ ಕೊಟ್ಟಿಲ್ಲ.

ಗಾಳಿ, ಎರಡೂ ಗಾಲಿಗೆ, ಎರಡೂವರೆ ಪ್ಯಾಂಟು.
ಮುಂಚೆ ಅಂಗಡಿ ಮುಂದೆ ಪಂಪು ಬಿದ್ದಿರೋದು,
ಸೆರಗು ಸಿಗಿಸಿ ಹೊಡಕೊಂಡು ಹೋಗಬಹುದಿತ್ತು.
ಈಗ ಕರೆಂಟಿನ ಗಾಳಿ.
ಕುಡಿದು ಓಡೋ ಗಾಳಿಗೂ ಬಿಲ್ಲಿದೆ, ರಾವ್.

ಬ್ರೇಕ್ ರಬ್ಬರು ಇಪ್ಪತ್ತು ಪ್ಯಾಂಟು.
ಎರಡು ತಿಂಗಳು ಮುಂದಕ್ಕೆ ಹಾಕಿದೆ,
ಕೋಟೆ ಗುಡ್ಡದ ಇಳಿಜಾರಲ್ಲಿ ಕಾಲು ಎಳೆದು ನಿಲ್ಲಿಸಿದೆ.
ಆ ಖರ್ಚು ಚಪ್ಪಲಿಯ ಲೆಕ್ಕಕ್ಕೆ ಹೋಯಿತು.

ಚೈನು.
ಸಂಡೂರಿನ ಕಡೆಯ ಲಾರಿಗಳು ಉದುರಿಸಿದ ಕೆಂಪು
ಒಂದೊಂದು ಕೊಂಡಿಯೊಳಗೂ ಹೊಕ್ಕು ಕೂತಿದೆ.
ಒಂದು ಗುಡ್ಡ, ಸ್ವಲ್ಪ ಸ್ವಲ್ಪವೇ,
ನನ್ನ ಪೆಡಲು ಹಿಡಿದು ಜಗ್ಗುತ್ತದೆ.
ಜೀನ್ಸಿನ ಬಣ್ಣ ಹತ್ತಿದ ನೀಲಿ ಕೈಯಲ್ಲಿ ಒರೆಸುತ್ತೇನೆ,
ಬಟ್ಟೆ ಯಾವ ಬಣ್ಣಕ್ಕೂ ಸೇರದೆ ಕಪ್ಪಾಗುತ್ತದೆ.
ಎಣ್ಣೆ ತಂಗಿ ಮಾರೆಕ್ಕನ ಹೊಲಿಗೆ ಮಿಷನ್ನಿನದು,
ಅವಳು ಸಂತೆಗೆ ಹೋದಾಗ ನಾಲ್ಕು ಹನಿ.
ಇದನ್ನು ಎಲ್ಲಿ ಬರೆಯಲಿ?
ಗೆರೆ ಎಳೆದು ಖಾಲಿ ಬಿಟ್ಟೆ.

ಹಿಂದಿನ ಟೈರು ನೂರಾ ತೊಂಬತ್ತು ಪ್ಯಾಂಟು.
ಬರೆಯುವಾಗಲೇ ಕೈ ನಿಂತಿತು.
ಸದ್ಯಕ್ಕೆ ಸವೆದ ಜಾಗದೊಳಗೆ
ಬೇರೆ ಯಾರದೋ ಟೈರಿನ ತುಂಡು ಇಟ್ಟಿದ್ದಾನೆ ದಸ್ತಗಿರಿ,
ಸುತ್ತಿಗೊಮ್ಮೆ ಟಪ್ ಅಂತ ಎತ್ತಿ ಹಾಕುತ್ತದೆ.
ನಮ್ಮ ಓಣಿಯ ಹೆಂಗಸರು ಆ ಸದ್ದಿಗೇ
ಕತ್ತರಿ ತಗೊಂಡು ಕಟ್ಟೆಗೆ ಬರುತ್ತಾರೆ.

ಮೂವತ್ತೆಂಟನೇ ವಯಸ್ಸಿಗೆ ಕಲಿತದ್ದು,
ಶಾಲೆ ಬಯಲಲ್ಲಿ, ಬೆಳಕು ಹರಿಯೋ ಮುಂಚೆ.
ಮಂಡಿಗೆ ಹಚ್ಚಿದ ಅರಿಶಿನ ಮನೆಯದೇ,
ಹರಿದ ಸೀರೆ ಮಾತ್ರ ಹೊಸದು.
ಅತ್ತೆ ಆಡಿದ ಮಾತಿಗೆ ಪ್ಯಾಂಟು ಎಷ್ಟು ಅಂತ
ಗೊತ್ತಾಗಲಿಲ್ಲ, ಬಿಟ್ಟೆ.

ಪುಕ್ಕಟೆ ಬಂದದ್ದು ಒಂದೇ, ಸೀಟಿನ ಕವರು.
ಹೊಲಿಗೆ ತಪ್ಪಿ ಬಿಸಾಕಿದ ಪೀಸು,
ಹಿಂದಿನ ಜೇಬು ಹಾಗೇ ಇತ್ತು,
ಬಿಚ್ಚೋದು ಯಾಕಂತ ಅದರ ಸಮೇತ ಹೊಲಿದೆ.
ದಿನಕ್ಕೆ ಎಷ್ಟು ಜೇಬಿನ ದಾರ ಕತ್ತರಿಸುತ್ತೇನೋ.
ಸೀರೆಗೆ ಜೇಬಿಲ್ಲ.
ನನ್ನದು ಅಂತ ಒಂದು ಇದೆ, ಅದರ ಮೇಲೆ ಕೂರುತ್ತೇನೆ.

ಕೂಡಿಸಿದೆ. ಎರಡು ಸಲ ಕೂಡಿಸಿದೆ,
ಎರಡು ಮೊತ್ತ ಬಂತು. ಕಡಿಮೆಯದನ್ನೇ ಉಳಿಸಿದೆ.

ಬೆಳಿಗ್ಗೆ ರಟ್ಟು ಏಕನಾಥರಾವ್ ಮುಂದೆ ಇಟ್ಟೆ.
ಅವನು ಫೋನಿನಲ್ಲಿದ್ದ. ಮುಂದಿನ ಬದಿ ನೋಡಿ
"ಮೂವತ್ತಾರಾ?" ಅಂದ,
ಪಕ್ಕದ ಗಂಟಿಗೆ ಕಟ್ಟಿ ಲಾರಿಗೆ ಎಸೆದ.
ಈಗ ನನ್ನ ಲೆಕ್ಕ ಯಾವ ಊರಿನ ಅಂಗಡಿಯಲ್ಲಿ
ಯಾರ ಸೊಂಟದ ಅಳತೆಗೆ ಕಾಯುತ್ತಿದೆಯೋ.

ವಾಪಸ್ಸು ಬರುವಾಗ ಹಿಂದಿನ ಗಾಲಿ ಮೆತ್ತಗಿತ್ತು.
ದಸ್ತಗಿರಿ ಪೈಪು ಹಿಡಿದು ನಿಂತಿದ್ದ.
ಇಳಿದು, ಸೀಟಿನ ಜೇಬಿಗೆ ಕೈ ಹಾಕಿದೆ.