ಇಲ್ಲಿ ದಿಕ್ಕು ಎರಡೇ

"ಎಲ್ಲಿ ಇಳೀತೀರವಾ?" ಅಂದೆ ಮೊದಲ ದಿನ.
"ಮೇಲೆ" ಅಂದಳು ಮುದುಕಿ.
ಮ್ಯಾಲ ಅಂದ್ರ?
ಬಸ್ಸಿನ ತಗಡು ನೋಡಿದೆ ನಾ.
ಹಿಂದಿನ ಸೀಟು ಪೂರಾ ನಕ್ಕಿತು.
ಡ್ರೈವರ್ ತೀರ್ಥಪ್ಪ ಕನ್ನಡಿಯೊಳಗಿಂದ
"ಮತ್ತಿಮರದ ಹತ್ರ ಇಳೀತಾರೆ. ಅರಸಾಳು ಅಂತ ಹರಿರಿ" ಅಂದ.

ನಮ್ಮ ಕಡಿ ದಿಕ್ಕು ನಾಕು.
ಎಮ್ಮಿ ಮೂಡಲಕ್ಕ ಮಾರಿ ಮಾಡಿ ನಿಂತೈತಿ,
ತಂಬಿಗಿ ಬಡಗಣ ಗ್ವಾಡಿಗಿ ಐತಿ ನೋಡು, ಅಂತೀವಿ.
ಇಲ್ಲಿ ದಿಕ್ಕು ಎರಡೇ. ಮೇಲೆ. ಕೆಳಗೆ.
ಹೊತ್ತು ಹೊಂಟರ ಗುಡ್ಡದ ಮ್ಯಾಲ,
ಮುಣಗಿದರ ಗುಡ್ಡದ ಕೆಳಗ,
ನಡುವ ನಾ, ಕೊಳ್ಳಾಗ ಮಶೀನು.

ಮುದ್ದೇಬಿಹಾಳದಿಂದ ನಮ್ಮೂರಿಗೆ
ಬಸ್ ಬರೂದು ಭಾಳ ಮೊದಲ ಕಾಣತಿತ್ತು.
ಮೊದಲ ಧೂಳು. ಆಮ್ಯಾಗ ಗಾಜಿನ ಮಿಂಚು.
ಒಂದು ಜಡಿ ಹಾಕ್ಕೊಂಡು, ಇನ್ನೊಂದೂ ಹಾಕ್ಕೊಂಡು,
ರಿಬ್ಬನ್ನಿನ ಸಲುವಾಗಿ ಬೈಸಿಕೊಂಡು
ಕಟ್ಟಿಗಿ ಬಂದು ಕುಂತರೂ
ಅದು ಇನ್ನಾ ಬರತನ ಇರತಿತ್ತು.
ಇಲ್ಲಿ ತಿರುವಿನಾಗ ಏನೂ ಇರೂದಿಲ್ಲ.
ಹಾರ್ನ್ ಸುದ್ದಾ ಎಲಿ ಕುಡದುಬಿಡತಾವ.
ಒಮ್ಮಿಗೇ ಲಾರಿ, ಮಾರಿಗಿ ಮಾರಿ.

ವಿನೋಬನಗರದಾಗ ಮಾಳಿಗಿ ಮ್ಯಾಲ ಒಂದು ರೂಮು.
ಊರಿಂದ ತಂದ ಹಿಟ್ಟು ಎರಡು ತಿಂಗಳು ಬಂತು.
ಗಿರಣಿ ಅಜ್ಜ ನನ್ನ ಜ್ವಾಳ ಮುಟ್ಟಿ ನೋಡಿ
"ಅಕ್ಕಿ ಬೀಸೋ ಕಲ್ಲು ಇದು. ಗುರುವಾರ ಬಾ" ಅಂದ.
ಗುರುವಾರ ನನಗ ಹೊಸನಗರದ ಎರಡು ಟ್ರಿಪ್ಪು.
ಹಿಂಗ ಒಂದು ಗುರುವಾರ ತಪ್ಪಿತು, ಇನ್ನೊಂದೂ ತಪ್ಪಿತು,
ಚೀಲದಾಗ ಹುಳ ಆಡಿದವು,
ನಾ ಡಿಪೋ ಕ್ಯಾಂಟೀನಿನ ಚಿತ್ರಾನ್ನ ತಿಂದು ಮಲಗಿದೆ.

ಹತ್ತನೇ ದಿನ ಕೆಳಗಿನ ಮನಿ ಜಲಜಾಕ್ಷಿ ಮೆಟ್ಟಲ ಹತ್ತಿ ಬಂದಳು.
"ಬೆಳಿಗ್ಗೆ ಐದಕ್ಕೆ ಎಂತ ಬಡೀತಿದ್ದೆ ಮಾರಾಯ್ತಿ ನೀನು?
ಈಗ ಸದ್ದೇ ಇಲ್ಲ!
ನಂಗೆ ಎಚ್ಚರ ಆಗದೆ
ಮಗಳ ಸ್ಕೂಲ್ ವ್ಯಾನ್ ಎರಡು ಸಲ ತಪ್ಪಿತು."
ಜಗಳಾ ಏನು, ಕಕ್ಕುಲಾತಿ ಏನು, ತಿಳೀಲಿಲ್ಲ.
ಮುಂದಿನ ಗುರುವಾರ ನನ್ನ ಚೀಲ
ಆಕಿ ಸ್ಕೂಟಿ ಮುಂದ, ಕಾಲಾಗ.

ಎಂತ.
ಈ ಒಂದು ಮಾತು ಇವರ ಕಿಸೆದಾಗಿನ ಚಿಲ್ಲರ.
ಕೇಳೂದಕ್ಕೂ ಎಂತ, ಬ್ಯಾಡ ಅನ್ನೂದಕ್ಕೂ ಎಂತದೂ,
ಮನಿ ಬಿದ್ದರೂ, ಹಾಲು ಉಕ್ಕಿದರೂ
ಎಂತ ಮಾಡೋದು.
ಎಷ್ಟು ಮಂದಿ ಕೊಟ್ಟರು, ನಾ ತಗೊಳ್ಳಲಿಲ್ಲ.
ಹರಕ ನೋಟಿನ ಹಾಂಗ ತಿರಗಿ ಕೊಟ್ಟೆ.
ನಂದು ನನಗ ಐತಿ: ಏನ್ರಿ, ಯಾಕ್ರಿ, ಹೌದಲ್ರಿ.

ಮೊನ್ನೆ ಆಯನೂರು ದಾಟಿದ ಮ್ಯಾಲ ಅವ್ವನ ಫೋನು.
ಬಸ್ಸಿನಾಗ ಮದಿವಿ ಮಂದಿ, ಗದ್ದಲ.
ಏನೋ ಅಂದಳು, ಕೇಳಲಿಲ್ಲ.
"ಎಂತ?" ಅಂದೆ.
ಆ ಕಡಿ ಸುಮ್ಮನಾತು.
"ರಾಂಗ್ ನಂಬರ್ ಹತ್ತೇತಿ, ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ"
ಅಂದು ಅವ್ವ
ಇಟ್ಟೇಬಿಟ್ಟಳು.

ಅಲ್ಲೇ ತಿರಗಿ ಹಚ್ಚಬೇಕಿತ್ತು.
ಸೂಡೂರು ಬಂದಿತ್ತು. ಹದಿನೇಳು ಸೊನ್ನೆ ಟಿಕೆಟ್ ಹರಿಯೂದಿತ್ತು.
ಕೂಸಿನ ಕೈಗೆ ಆಧಾರ್ ಕಾರ್ಡ್ ಕೊಟ್ಟು ಒಬ್ಬಾಕಿ ನಿದ್ದಿ ಮಾಡಿದ್ದಳು.

ರಾತ್ರಿ ಹಚ್ಚಿದೆ. ನನ್ನ ದನಿ ಹಿಡದು
"ಅಲ್ಲಬೇ, ಬೆಳಿಗ್ಗಿಂದ ಸಿಕ್ಕೇ ಇಲ್ಲ" ಅಂದಳು.
ರಾಂಗ್ ನಂಬರಿನ ಮಾತು ನಾ ಎತ್ತಲಿಲ್ಲ.
ಎಮ್ಮಿ ಈದೇತಂತ. ಹೆಣ್ಣಗರು.
"ಮೂಡಲ ಮಾರಿ ಮಾಡೇ ಈದೇತಿ, ಚಲೋ ಆತು" ಅಂದಳು.
ಹೌದವಾ, ಅಂದೆ,
ಅಂದು, ಯಾಕೋ ಎದ್ದು ಕಿಡಕಿಗಿ ಹೋದೆ.
ಮೂಡಲ ಯಾವುದು?
ಎದುರಿಗಿ ನೀರಿನ ಟಾಕಿ, ಅದರ ಹಿಂದ ಕತ್ತಲಿ.
ಕೆಳಗ ಜಲಜಾಕ್ಷಿ ಗೇಟು ಹಾಕೂ ಸಪ್ಪಳ.

ನಾಳೆ ಗುರುವಾರ.
ಚೀಲ ಬಾಗಲಕ್ಕ ಇಟ್ಟೀನಿ.