ಮೂರು ನಕ್ಷತ್ರದ ಸಾಲು

ಇಪ್ಪತ್ತಾರು ಪುಸ್ತಕಗಳಲ್ಲಿ ಹನ್ನೊಂದು ಸಲ
ಪತ್ತೇದಾರ ರುದ್ರಸೇನನಿಗೆ ಗುಂಡು ಹೊಡೆಸಿದ್ದೇನೆ.
ಯಾವಾಗಲೂ ಭುಜಕ್ಕೆ.
ಭುಜ ಒಳ್ಳೆಯ ಜಾಗ: ರಕ್ತ ಧಾರಾಳ, ಪ್ರಾಣಕ್ಕೆ ಮೋಸವಿಲ್ಲ,
ಕುಸಿಯುವ ಮುಂಚೆ ಒಂದು ಮಾತಿಗಾಗುವಷ್ಟು ಉಸಿರೂ ಉಳಿದಿರುತ್ತದೆ.
ಸಂಗಡಿಗ ಕಪನಯ್ಯ ಓಡಿ ಬರುತ್ತಾನೆ,
ಅಂಗಿಯ ತೋಳು ಹರಿದು ಪಟ್ಟಿ ಕಟ್ಟುತ್ತಾನೆ
(ಹನ್ನೊಂದು ಅಂಗಿ, ಅವನ ಸಂಬಳ ಎಷ್ಟೋ ನಾನೇ ಬರೆದಿಲ್ಲ),
"ನಿಮಗೇನೂ ಆಗಲು ಬಿಡುವುದಿಲ್ಲ" ಎನ್ನುತ್ತಾನೆ.
ಒಂದು ಹನಿ ಕಣ್ಣೀರು, ಸರಿಯಾಗಿ ಒಂದೇ.
ಅಲ್ಲಿಗೆ ಮೂರು ನಕ್ಷತ್ರ.
ಕೆಳಗಿನ ಸಾಲು: ಏಳು ದಿನಗಳ ನಂತರ
ರುದ್ರಸೇನ ಕಾಫಿ ಹೀರುತ್ತ ಕಿಟಕಿಯ ಬಳಿ ನಿಂತಿದ್ದ.

ಆ ನಕ್ಷತ್ರಗಳನ್ನು ಒತ್ತುವವಳು ಸಬೀಹಾ.
ಸುಲ್ತಾನಪೇಟೆಯ ಓಣಿ, ಲಗ್ನಪತ್ರಿಕೆ ಅಂಗಡಿಯ ಮೇಲಿನ ಕೋಣೆ,
ಹತ್ತೊಂಬತ್ತು ವರ್ಷದಿಂದ
ನನ್ನ ಕಾಗೆಕಾಲು ಅಕ್ಷರ ಓದಬಲ್ಲ ಒಂದೇ ಜೀವ.
ಮುಖಪುಟದ ಗಂಡಸಿನ ಹೆಸರು
ಈ ಹೆಂಗಸಿನದೆಂದು ಬಲ್ಲ ಇಬ್ಬರಲ್ಲಿ ಒಬ್ಬಳು.

ಈಗ ಬೌರಿಂಗ್ ಆಸ್ಪತ್ರೆ, ಮಂಚ ಹದಿನೇಳು.
ಡೆಂಗಿ.
ಭುಜಕ್ಕೆ ಏನೂ ಆಗಿಲ್ಲ.

ಮೊದಲ ದಿನ ನಾನು ಏನೂ ಹೇಳಲಿಲ್ಲ. ಹೇಳುವಂಥ ಮಾತು
ಹೊಳೆಯಿತು, ಅದು ಕಪನಯ್ಯನದು.
ಪ್ಲಗ್ ಪಾಯಿಂಟಿಗಾಗಿ ಹದಿನೆಂಟರವಳ ಮಗನ ಜೊತೆ ಜಗಳವಾಡಿದೆ,
ನ್ಯಾಯ ಅವನ ಕಡೆಗಿತ್ತು.
ಪ್ಲೇಟ್‌ಲೆಟ್ ಎಣಿಕೆ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ:
ಮೂವತ್ತೆಂಟು ಸಾವಿರ. ಇಪ್ಪತ್ತೆರಡು. ಹತ್ತೊಂಬತ್ತು.
ಹೊಸಕೋಟೆಯಲ್ಲಿದ್ದ ಅವಳ ಅಣ್ಣನಿಗೆ ಫೋನ್ ಮಾಡಿ
"ಪರವಾಗಿಲ್ಲ, ಪರವಾಗಿಲ್ಲ" ಎಂದೆ. ಎರಡನೆಯದು ನನಗೆ.
ರಸೀದಿ ಕೌಂಟರಿನವನಿಗೆ ಚಿಲ್ಲರೆಯೇ ಬೇಕು,
ರಕ್ತನಿಧಿಯವನಿಗೆ ಸಹಿಯೇ ಬೇಕು,
"ಸಂಬಂಧ?" ಎಂಬ ಖಾನೆಯಲ್ಲಿ ಪೆನ್ನು ನಿಂತಿತು.
ಪ್ರಕಾಶನದವರೆಂದು ಬರೆದೆ.

ಇದನ್ನೂ ಹೇಳಿಬಿಡುತ್ತೇನೆ:
ಹತ್ತೊಂಬತ್ತಕ್ಕಿಳಿದ ರಾತ್ರಿ ಮೊದಲು ಬಂದ ಯೋಚನೆ,
ಇಪ್ಪತ್ತೇಳನೆಯದನ್ನು ಯಾರು ಟೈಪು ಮಾಡುತ್ತಾರೆ.
ಎರಡನೆಯ ಯೋಚನೆ ಬಂತು, ಒಳ್ಳೆಯದೇ ಬಂತು,
ಆದರೆ ಎರಡನೆಯದಾಗಿ.

ನೆಲದ ಮೇಲೆ ಪೇಪರು ಹಾಸಿ ಮಲಗಿದ್ದೆ,
ಚಪ್ಪಲಿ ಕಳುವಾದೀತೆಂದು ಚೀಲದಲ್ಲಿಟ್ಟು, ಚೀಲ ತಲೆಗಿಟ್ಟು.
ಶಿವಾಜಿನಗರದ ಬೆಳಗಿನ ಆಜಾನಿಗೆ ಇನ್ನೂ ಹೊತ್ತಿತ್ತು.
ಮೇಲಿನಿಂದ ಅವಳ ದನಿ, ಜ್ವರದ್ದು:
"ಕಪನಯ್ಯ ಎಲ್ಲಿ ಮಲಗ್ತಿದ್ದ?"
ಯಾರು, ಎಂದೆ.
"ಆ ಏಳು ದಿನ. ನೀವು ಕೊಟ್ಟಿದ್ದ ರೂಮಲ್ಲಿ ಮಂಚ ಒಂದೇ ಇತ್ತಲ್ಲ ಮೇಡಂ."
ನಾನು ಸುಮ್ಮನಿದ್ದೆ.
"ಪ್ರತಿ ಸಲ ಸ್ಟಾರು ಹಾಕೋವಾಗ ಅನ್ಸೋದು.
ಅವನು ಊಟಕ್ಕೆ ಹೋದ್ನಾ, ಇಲ್ವಾ."
ಆಮೇಲೆ ಉರ್ದುವಿನಲ್ಲಿ ಏನೋ, ಅವಳ ತಾಯಿಗೆ.

ಐದನೆಯ ದಿನ ಎಣಿಕೆ ಏರಿತು.
ಗಂಜಿ ಕುಡಿದಳು, ಬಾಯಿ ಒರೆಸಿಕೊಂಡಳು, ನನ್ನನ್ನೇ ನೋಡಿದಳು.
"ಹದಿನಾಲ್ಕನೇದ್ರಲ್ಲಿ ಎಡಭುಜ, ಹದಿನೈದರಲ್ಲಿ
ಅದೇ ಹಳೇ ಗಾಯ ಬಲಕ್ಕೆ ಬಂದಿತ್ತು. ನಾನೇ ಬದಲಾಯಿಸ್ದೆ."
ಹೇಳಲೇ ಇಲ್ಲವಲ್ಲ?
"ನೀವು ಅವತ್ತು ಬಹಳ ಖುಷಿಯಾಗಿದ್ರಿ."
ಇಂಥವು ಇನ್ನೆಷ್ಟು?
ಅದಕ್ಕೆ ಉತ್ತರವಿಲ್ಲ. ಕೈ ಮಾತ್ರ ದಿಂಬಿನ ಪಕ್ಕ ತಡಕಿತು.
"ನಿನ್ನೆ ಅಣ್ಣ ತಂದ ಬನ್ನು?"

ತಿಂದೆ, ಎಂದೆ. ರಾತ್ರಿ. ಪೂರ್ತಿ.

ಅವಳಿಗೆ ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತಿತ್ತು,
ಎರಡನ್ನೂ ಹಿಡಿದುಕೊಂಡು
"ಹಾಗಾದ್ರೆ ಅವನೂ ತಿಂದಿರ್ತಾನೆ ಬಿಡಿ" ಎಂದಳು,
"ಹೋಗಿ, ಇನ್ನೊಂದು ತನ್ನಿ."

ಕೆಳಗೆ, ಗೇಟಿನಾಚೆಯ ಬೇಕರಿಯಲ್ಲಿ
ಅವನ ಹತ್ತಿರ ಚಿಲ್ಲರೆ ಇರಲಿಲ್ಲ.
ನನ್ನ ಹತ್ತಿರವೂ ಇರಲಿಲ್ಲ.
ಎರಡು ಕೊಂಡೆ.